ಸಾತವ್ವನ ಹೆಬ್ಬೆಟ್ಟಿನ ಚೀಟಿ

ಬಹಳ ಬಹಳ ವರ್ಷಗಳ ಹಿಂದೆ, ಕಾಗದಕ್ಕೂ ಒಂದು ತವರುಮನೆ ಇದ್ದ ಕಾಲದಲ್ಲಿ, ಮೂರುಹೊಳೆ ಸೀಮೆ ಅಂತ ಒಂದು ರಾಜ್ಯವಿತ್ತು. ಅಲ್ಲಿ ರಾಜನಿದ್ದ, ರಾಣಿಯಿದ್ದಳು, ಆನೆ ಕುದುರೆ ಎಲ್ಲ ಇದ್ದವು. ಅವರ ಸುದ್ದಿ ನಮಗೆ ಬೇಡ. ಯಾಕೆಂದರೆ ಆ ರಾಜ್ಯದಲ್ಲಿ ಕಾಗದದ ರೊಕ್ಕ ಮಾಡುತ್ತಿದ್ದದ್ದು ರಾಜನಲ್ಲ, ಸಾವಕಾರರು.

ನಗಬೇಡಿ, ಖರೆ ಹೇಳುತ್ತಿದ್ದೇನೆ. ಕೂಡಲಗಟ್ಟೆ ಊರಿನಲ್ಲಿ ಹಂಸದ ಮನೆ ಅಂತ ಒಂದು ಸಾವಕಾರರ ಮನೆಯಿತ್ತು. ಹೊಳೆಯಾಚೆ ಬಸವನ ಮನೆ, ಕಡಲ ಕಡೆ ಮೀನಿನ ಮನೆ. ಜನ ತಮ್ಮ ಬಂಗಾರದ ವರಹಗಳನ್ನು ಅಲ್ಲಿಟ್ಟು ಒಂದೊಂದು ಚೀಟಿ ತರುತ್ತಿದ್ದರು. ಚೀಟಿಯ ಮೇಲೆ ಹೀಗೆ ಬರೆದಿರುತ್ತಿತ್ತು: ‘ಈ ಚೀಟಿ ತಂದವರಿಗೆ, ಕೇಳಿದ ಕೂಡಲೇ, ಒಂದು ವರಹ ಕೊಡುತ್ತೇವೆ.’ ಕೆಳಗೆ ಸಾವಕಾರರ ಸಹಿ, ಪಕ್ಕದಲ್ಲಿ ಒಂದು ಚಿತ್ರ. ಹಂಸದ ಮನೆಯ ಚೀಟಿಗೆ ಹಂಸ, ಬಸವನ ಮನೆಯದಕ್ಕೆ ಬಸವ, ಮೀನಿನ ಮನೆಯದಕ್ಕೆ ಮೀನು.

ಆ ಚಿತ್ರಗಳಿಗೆ ಜೀವವಿತ್ತು. ಮನೆಯ ತಿಜೋರಿಯಲ್ಲಿ ಬಂಗಾರ ಇರುವ ತನಕ ಚಿತ್ರ ಕಣ್ಣು ಮಿಟುಕಿಸುತ್ತಿತ್ತು. ಬಂಗಾರ ಖಾಲಿಯಾದ ದಿನ ಕಣ್ಣು ಮುಚ್ಚಿ ಮಲಗಿಬಿಡುತ್ತಿತ್ತು. ಇನ್ನೊಂದು ಮಾತು. ತನ್ನ ಊರಿನಿಂದ ದೂರ ಹೋದಷ್ಟೂ ಚಿತ್ರ ಬಡವಾಗುತ್ತಿತ್ತು. ಕೂಡಲಗಟ್ಟೆಯಲ್ಲಿ ದುಂಡಗಿದ್ದ ಹಂಸ, ಕಡಲ ಕಡೆ ಹೋಗುವಷ್ಟರಲ್ಲಿ ಸೊರಗಿ ಕೊಕ್ಕರೆಯಂತಾಗುತ್ತಿತ್ತು. ಅಲ್ಲಿ ಅದಕ್ಕೆ ಒಂದು ವರಹ ಹುಟ್ಟುತ್ತಿರಲಿಲ್ಲ, ಅರ್ಧ ಸಿಕ್ಕರೆ ಪುಣ್ಯ. ಅದಕ್ಕೇ ಅಮಾವಾಸ್ಯೆಗೊಮ್ಮೆ ಮೂರೂ ಮನೆಯ ಗುಮಾಸ್ತರು ಆಲದ ಮರದಡಿ ಕೂತು, ‘ನಿನ್ನ ಹಂಸ ನಿನಗ, ನನ್ನ ಬಸವ ನನಗ’ ಅಂತ ಚೀಟಿ ಬದಲಿಸಿಕೊಂಡು ಎಲ್ಲವನ್ನೂ ಮನೆ ಮುಟ್ಟಿಸುತ್ತಿದ್ದರು. ಮನೆ ಕಂಡ ಹಂಸ ಎರಡೇ ದಿನದಲ್ಲಿ ಮೈ ತುಂಬಿಕೊಳ್ಳುತ್ತಿತ್ತು. ಹೆಣ್ಣುಮಕ್ಕಳು ತವರಿಗೆ ಬಂದಂತೆ ಅನ್ನಿ.

ಅಯ್ಯೋ, ಎಂಥ ಕಾಲ ಅದು! ಹಂಸದ ಮನೆಯ ಚೀಟಿಗೆ ಅರಿಸಿನದ ವಾಸನೆ, ಬಸವನ ಮನೆಯದಕ್ಕೆ ಮೆಂತ್ಯದ ವಾಸನೆ. ಕುರುಡರೂ ಮೂಸಿ ಹೇಳುತ್ತಿದ್ದರು ಇದು ಯಾರ ಮನೆಯದು ಅಂತ. ಈಗಿನ ರೊಕ್ಕಕ್ಕೆ ವಾಸನೆ ಎಲ್ಲಿದೆ ಹೇಳಿ. ಇರಲಿ ಬಿಡಿ, ಕತೆಗೆ ಬರುತ್ತೇನೆ.

ಕೂಡಲಗಟ್ಟೆಯ ಸಂತೆಯಲ್ಲಿ ಸಾತವ್ವ ಅಂತ ಒಬ್ಬಳು ಚೀಟಿ ನೋಡುವ ಕೆಲಸ ಮಾಡುತ್ತಿದ್ದಳು. ಸಂತೆಗೆ ಬಂದವರು ಚೀಟಿ ಅವಳ ಕೈಗೆ ಕೊಡುವರು. ಅವಳು ಕಣ್ಣಿನ ಹತ್ತಿರ ಹಿಡಿದು ಉಸಿರು ಬಿಗಿಹಿಡಿದು ಕಾಯುವಳು. ಚಿತ್ರ ಕಣ್ಣು ಮಿಟುಕಿಸಿದರೆ ‘ಹದಿನಾರಾಣೆ ಖರೆ’ ಅನ್ನುವಳು. ಅವಳು ಖರೆ ಅಂದರೆ ಮುಗಿಯಿತು, ಮೂರೂ ಹೊಳೆಯ ಜನ ಕಣ್ಣುಮುಚ್ಚಿ ತೆಗೆದುಕೊಳ್ಳುವರು. ಅವಳಿಗೂ ಅದರ ಜಂಬ ಸ್ವಲ್ಪ ಇತ್ತು. ಇಲ್ಲ ಅಂದರೆ ಸುಳ್ಳಾಗುತ್ತದೆ. ಅವಳ ಗಂಡ ಬರಮಪ್ಪ ಹಗ್ಗ ಹೊಸೆಯುವವ, ಮಾತು ಕಡಿಮೆ, ನಗು ಜಾಸ್ತಿ. ಇಬ್ಬರಿಗೂ ಒಬ್ಬರನ್ನೊಬ್ಬರು ಕಂಡರೆ ಬಲು ಪ್ರೀತಿ.

ಹೀಗಿರುವಾಗ ಒಂದು ಸಂತೆಗೆ ಹೊಸ ಚೀಟಿ ಬಂತು. ಬೆಕ್ಕಿನ ಗುಡ್ಡದ ಮೇಲೆ ಗವಿಯೊಳಗೆ ಒಬ್ಬ ಸಾವಕಾರ ಮನೆ ತೆರೆದಿದ್ದಾನಂತೆ, ಅವನ ಚೀಟಿ. ಅದರ ಮೇಲೆ ಹಂಸವಿಲ್ಲ, ಬಸವನಿಲ್ಲ, ಮನುಷ್ಯನ ಮುಖ. ಒಂದು ಚೀಟಿಗೆ ಒಂದು ಮುಖ, ಇನ್ನೊಂದಕ್ಕೆ ಇನ್ನೊಂದು. ಸಾತವ್ವ ಕಣ್ಣಿನ ಹತ್ತಿರ ಹಿಡಿದಳು. ಮುಖ ಕಣ್ಣು ಮಿಟುಕಿಸಿತು. ಒಂದು ಸಲವಲ್ಲ, ಹತ್ತು ಸಲ ಪಟಪಟ ಮಿಟುಕಿಸಿತು. ಇಷ್ಟು ಜೀವಂತ ಚಿತ್ರವನ್ನು ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

‘ಹದಿನಾರಾಣೆ ಅಲ್ಲ, ಹದಿನೆಂಟಾಣೆ ಖರೆ!’ ಅಂದುಬಿಟ್ಟಳು.

ಆ ಚೀಟಿ ಎಷ್ಟು ದೂರ ಒಯ್ದರೂ ಸೊರಗುತ್ತಿರಲಿಲ್ಲ. ಜನಕ್ಕೆ ಇನ್ನೇನು ಬೇಕು? ಎಲ್ಲರೂ ಗವಿ ಚೀಟಿಗೇ ಮುಗಿಬಿದ್ದರು. ರಾಜನ ಅಧಿಕಾರಿಗಳು ಗವಿಗೆ ಹೋಗಿ ಕೊಪ್ಪರಿಗೆಗಳನ್ನು ನೋಡಿದರು. ಮೇಲೆಲ್ಲ ಬಂಗಾರ ಫಳಫಳ. ಕೆಳಗೆ ಕೈ ಹಾಕಿ ನೋಡುವ ಬುದ್ಧಿ ಒಬ್ಬರಿಗೂ ಬರಲಿಲ್ಲ. ಹೋಳಿಗೆ ಉಂಡು, ಎಲೆಅಡಿಕೆ ಹಾಕಿಕೊಂಡು, ‘ಎಲ್ಲಾ ಸರಿ ಐತಿ’ ಅಂತ ಬರೆದು ಬಂದರು. ಬೆಳ್ಳಗಿರುವುದೆಲ್ಲ ಹಾಲಲ್ಲ ಅಂತ ನಮ್ಮ ಮನೆಯ ಕೂಸಿಗೂ ಗೊತ್ತು, ಆ ಮಹರಾಯರಿಗೆ ಗೊತ್ತಿರಲಿಲ್ಲ.

ಬರಮಪ್ಪ ಹಗ್ಗ ಮಾರಿ ಹತ್ತು ಗವಿ ಚೀಟಿ ಕೂಡಿಹಾಕಿದ್ದ. ಒಂದು ಎಮ್ಮೆ ಕೊಳ್ಳುವ ಆಸೆ ಅವನಿಗೆ. ಎಮ್ಮೆಯವನು ಬಂಗಾರವೇ ಬೇಕು ಅಂದ. ‘ಗವಿಗೆ ಹೋಗಿ ಬದಲಿಸ್ಕೊಂಡು ಬರ್ತೀನಿ’ ಅಂತ ರೊಟ್ಟಿ ಬುತ್ತಿ ಕಟ್ಟಿಸಿಕೊಂಡು ಹೋದವನು, ಮೂರು ದಿನವಾದರೂ ಬರಲಿಲ್ಲ. ಎಂಟು ದಿನವಾದರೂ ಬರಲಿಲ್ಲ.

ಎಂಟನೆಯ ದಿನ ಸಂತೆಯಲ್ಲಿ ಒಬ್ಬ ಹೊಸ ಗವಿ ಚೀಟಿ ತಂದು ಸಾತವ್ವನ ಕೈಗಿಟ್ಟ. ನೋಡುತ್ತಾಳೆ, ಪಕ್ಕದ ಓಣಿಯ ಸಿಂಪಿಗ ಮಲಕಪ್ಪನ ಮುಖ! ಅವನೂ ಗವಿಗೆ ಹೋದವನೇ. ಮುಖ ಪಟಪಟ ಕಣ್ಣು ಮಿಟುಕಿಸಿತು. ಮಿಟುಕಿಸಿದ್ದಲ್ಲ, ಅಳುತ್ತಿತ್ತು. ಆಗ ಅರ್ಥವಾಯಿತು ಅವಳಿಗೆ. ಇವು ಚಿತ್ರಗಳಲ್ಲ. ವರಹ ಕೇಳಲು ಹೋದವರನ್ನೇ ಆ ಗವಿಯವನು ಕಾಗದದೊಳಗೆ ಹೊಗಿಸುತ್ತಿದ್ದಾನೆ, ಅದನ್ನೇ ಚೀಟಿ ಅಂತ ಮತ್ತೆ ಸಂತೆಗೆ ಬಿಡುತ್ತಿದ್ದಾನೆ. ಅವನು ಮಾಂತ್ರಿಕ. ಮತ್ತು ಇವೆಲ್ಲ ಖರೆ ಅಂತ ಸಾರಿದವಳು ತಾನೇ.

ಅಷ್ಟರಲ್ಲಿ ಬಳೆಗಾರ ಒಬ್ಬ ಅಂದ, ‘ಅಕ್ಕಾರ, ನಿಮ್ಮೆಜಮಾನ್ರ ಮಾರಿ ಇದ್ದ ಚೀಟೀನೂ ಬಂದಿತ್ರಿ. ಚಲೋ ಚಿತ್ರ ತೆಗದಾರ ಅಂದ್ಕೊಂಡೆ. ನಾನ ಅದನ್ನ ಮೆಣಸಿನಕಾಯಿ ಸಾವಕಾರಗ ಕೊಟ್ಟೆ.’

ಸಾತವ್ವ ಅಲ್ಲೇ ಕೂತು ಗೊಳೋ ಅಂತ ಅತ್ತಳು. ಅತ್ತು ಮುಗಿಸಿ ಎದ್ದಳು. ಕಾಗದದ ಹಣೆಬರಹ ಅವಳಿಗೆ ಗೊತ್ತಿರಲಿಲ್ಲವೇ? ಕೈಯಿಂದ ಕೈಗೆ ಹೋದ ಚೀಟಿ ಸವೆಯುತ್ತದೆ. ಮುಖ ಪೂರಾ ಅಳಿಸಿಹೋದರೆ ಒಳಗಿನ ಮನುಷ್ಯನೂ ಹೋದ ಹಾಗೆ. ಅದಕ್ಕೆ ಮುಂಚೆ ಗಂಡನನ್ನು ಹುಡುಕಬೇಕು.

ಮೆಣಸಿನಕಾಯಿ ಸಾವಕಾರ ಒಳ್ಳೆಯ ಮನುಷ್ಯ. ಅವನು ಮಾಡಿದ್ದು ಆ ಕಾಲದಲ್ಲಿ ಎಲ್ಲರೂ ಮಾಡುತ್ತಿದ್ದುದನ್ನೇ. ದೂರದ ಊರಿಗೆ ಚೀಟಿ ಕಳಿಸುವಾಗ ಕಳ್ಳರ ಹೆದರಿಕೆಗೆ ಚೀಟಿಯನ್ನು ನಡುವೆ ಕತ್ತರಿಸಿ, ಅರ್ಧವನ್ನು ಒಂದು ದಾರಿಯಲ್ಲಿ, ಅರ್ಧವನ್ನು ಇನ್ನೊಂದು ದಾರಿಯಲ್ಲಿ ಕಳಿಸುವ ಪದ್ಧತಿಯಿತ್ತು. ಎರಡೂ ತಲುಪಿದ ಮೇಲೆ ಗಂಜಿ ಹಚ್ಚಿ ಅಂಟಿಸಿದರೆ ಆಯಿತು. ಅರ್ಧ ಚೀಟಿ ಕದ್ದವನಿಗೆ ಅರ್ಧ ಕಾಸೂ ಹುಟ್ಟದು. ಶಾಣ್ಯಾ ಪದ್ಧತಿಯೇ.

‘ಕತ್ತರಿಸಿದ್ರ್ಯಾ?’ ಅಂತ ಸಾತವ್ವ ಕೂಗಿದಳು.

‘ಕತ್ತರಿಸಿದೆ ತಂಗಿ,’ ಅಂದ ಅವನು, ಮುಖ ಸಣ್ಣದು ಮಾಡಿಕೊಂಡು. ‘ಎಡಗಡೆ ಅರ್ಧ ದೋಣ್ಯಾಗ ಉಪ್ಪಿನಪಟ್ಟಣಕ್ಕ ಹೋತು. ಬಲಗಡೆ ಅರ್ಧ ಹೇಸರಗತ್ತಿ ಮ್ಯಾಲ ಘಟ್ಟ ಏರಿ ಹೋತು. ಒಳಗ ಮನುಷ್ಯಾ ಇದ್ದಾನ ಅಂತ ನನಗೇನ್ ಗೊತ್ತವ್ವ?’

ಸಾತವ್ವ ಎರಡು ಹಂಸದ ಚೀಟಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಅವ್ವ ಹೊಲಿದುಕೊಟ್ಟ ಕೌದಿ ಹೆಗಲಿಗೆ ಹಾಕಿಕೊಂಡು ಹೊರಟಳು. ಮೊದಲು ಹೊಳೆ ಹಿಡಿದು ಉಪ್ಪಿನಪಟ್ಟಣಕ್ಕೆ ಹೋದಳು. ಆರು ದಿನದ ದಾರಿ. ಅಲ್ಲಿ ಉಪ್ಪಿನ ವ್ಯಾಪಾರಿ ಗುರುಸಿದ್ದ ಶೆಟ್ಟಿಯ ಪೆಟ್ಟಿಗೆಯಲ್ಲಿ ಎಡಗಡೆಯ ಅರ್ಧ ಕೂತಿತ್ತು. ಅರ್ಧ ಹಣೆ, ಒಂದು ಕಣ್ಣು, ಅರ್ಧ ಮೀಸೆ. ಆ ಒಂದು ಕಣ್ಣು ಸಾತವ್ವನನ್ನು ಕಂಡದ್ದೇ ತುಂಬಿ ಬಂತು.

‘ಇದನ್ನ ನನಗ ಕೊಡ್ರಿ. ಬದಲಿಗೆ ಹಂಸದ ಚೀಟಿ ತಗೋರಿ,’ ಅಂದಳು ಸಾತವ್ವ.

ಶೆಟ್ಟಿ ಹಂಸದ ಚೀಟಿ ನೋಡಿದ. ಆರು ದಿನದ ದಾರಿಯಲ್ಲಿ ಹಂಸ ಎಲುಬು ಕಾಣುವಷ್ಟು ಸೊರಗಿತ್ತು. ‘ಇದು ಹಂಸನೋ ಹಲ್ಲಿಯೋ ತಾಯಿ?’ ಅಂತ ನಕ್ಕ. ‘ಎರಡೂ ಸೇರಿದ್ರೂ ಒಂದ್ ವರಹ ಆಗೂದಿಲ್ಲ. ನನಗ ಬರೂದು ಪೂರಾ ವರಹ.’

ಸಾತವ್ವ ಎರಡೂ ಹಂಸ ಕೊಟ್ಟು, ಅವುಗಳ ಮೇಲೆ ತನ್ನ ಬೆಳ್ಳಿಯ ಡಾಬು ಬಿಚ್ಚಿ ಇಟ್ಟಳು. ಶೆಟ್ಟಿಗೆ ನಾಚಿಕೆಯಾಯಿತು. ಅರ್ಧ ಚೀಟಿಯ ಜೊತೆಗೆ ಒಂದು ಬುಟ್ಟಿ ಒಣಮೀನನ್ನೂ ಕಟ್ಟಿಕೊಟ್ಟ. ಮರಳುವ ಮುನ್ನ ಸಾತವ್ವ ಆ ಅರ್ಧ ಚೀಟಿಯನ್ನು ಕಡಲಿನ ಕಡೆ ಹಿಡಿದು, ‘ನೋಡ್ರಿ, ಇದ ಸಮುದ್ರ. ನೋಡಬೇಕು ಅಂತಿದ್ರೆಲ್ಲ’ ಅಂದಳು. ಒಂದು ಕಣ್ಣು ಬಹಳ ಹೊತ್ತು ನೋಡಿತು.

ಆಮೇಲೆ ಘಟ್ಟ ಏರಿದಳು. ದಾರಿಯ ಚೌಕಿಯಲ್ಲಿ ಹೇಸರಗತ್ತೆಯವನು ತಲೆಗೆ ಬಟ್ಟೆ ಕಟ್ಟಿಕೊಂಡು ನರಳುತ್ತಿದ್ದ. ಟಪಾಲಿನ ಚೀಲವನ್ನು ಕರಡಿಯೊಂದು ಕಿತ್ತುಕೊಂಡು ಹೋಯಿತಂತೆ. ಆ ಕಾಡಿನ ಕರಡಿಗೆ ಮಾತು ಬರುತ್ತಿತ್ತು. ಸಾತವ್ವ ಹುಡುಕುತ್ತ ಹೋಗಿ ಅದರ ಗುಹೆ ಮುಟ್ಟಿದಳು. ನೋಡಿದರೆ, ಒಳಗೆ ನೆಲದ ತುಂಬ ಚೀಟಿಗಳೇ ಚೀಟಿಗಳು! ಬಸವ, ಮೀನು, ಹಂಸ, ಮನುಷ್ಯರ ಮುಖ, ಎಲ್ಲ ಸೇರಿಸಿ ಹಾಸಿ, ಅದರ ಮೇಲೆ ಎರಡು ಮರಿಗಳನ್ನು ಮಲಗಿಸಿಕೊಂಡಿತ್ತು ಕರಡಿ.

‘ಮುಂದ ಬಂದ್ರ ಸಿಗದ ಹಾಕ್ತೀನಿ,’ ಅಂತು ಕರಡಿ.

‘ಸಿಗಿ. ಆದ್ರ ಮದ್ಲ ಒಂದು ಮಾತು ಹೇಳು. ಈ ಕಾಗದ ಯಾಕ ನಿನಗ?’

‘ಮಕ್ಳಿಗೆ ಥಂಡಿ. ಕಾಗದ ಬೆಚ್ಚಗಿರ್ತಾವು. ಮನುಷ್ಯಾರು ಇವನ್ನ ಎದಿಗೆ ಅವಚ್ಕೊಂಡು ಓಡಾಡ್ತಾರ. ಬೆಚ್ಚಗಿರ್ಲಿಲ್ಲ ಅಂದ್ರ ಯಾಕ ಅವಚ್ಕೋತಾರ?’

ಸಾತವ್ವನಿಗೆ ಅಳುವಿನಲ್ಲೂ ನಗು ಬಂತು. ಹೆಗಲ ಮೇಲಿನ ಕೌದಿ ತೆಗೆದು ಮರಿಗಳ ಮೇಲೆ ಹೊದಿಸಿದಳು. ಹಳೆಯ ಸೀರೆಗಳ ಏಳು ಪದರಿನ ಕೌದಿ ಅದು, ಅವ್ವ ಒಂದು ಮಳೆಗಾಲ ಪೂರ್ತಿ ಕೂತು ಹೊಲಿದದ್ದು. ಮರಿಗಳು ಒಳಗೆ ಮೂತಿ ತೂರಿಸಿ ಗೊರಕೆ ಹೊಡೆಯತೊಡಗಿದವು. ಕರಡಿ ಒಂದು ಸಲ ಕೌದಿ ಮೂಸಿತು. ‘ಇದು ಚಲೋ ಐತಿ. ನಿನ್ನ ಕಾಗದ ನೀ ಒಯ್ಯಿ,’ ಅಂತ ಎಲ್ಲವನ್ನೂ ಬಾಚಿ ಕೊಟ್ಟುಬಿಟ್ಟಿತು.

ಆ ರಾಶಿಯಲ್ಲಿ ಬಲಗಡೆಯ ಅರ್ಧವೂ ಸಿಕ್ಕಿತು. ಚೌಕಿಯಲ್ಲಿ ಗಂಜಿ ಬೇಡಿ ತಂದು, ಸಾತವ್ವ ಎರಡೂ ಅರ್ಧ ಕೂಡಿಸಿ ಅಂಟಿಸಿದಳು. ಬಾಯಿ ಕೂಡಿದ ಕೂಡಲೇ ಕಾಗದದೊಳಗಿನ ಬರಮಪ್ಪ ಪಿಸುಮಾತಿನಲ್ಲಿ ಮಾತಾಡಿದ.

‘ಸಾತಿ, ಬಂದ್ಯಾ?’

‘ಬಂದೆ. ನಿಮ್ಮನ್ನ ಹ್ಯಾಂಗ ಹೊರಗ ತರ್ಲಿ, ಹೇಳ್ರಿ.’

‘ಅಂವಾ ಬೆಲ್ಲ ನೀರು ಕೊಟ್ಟು ಹೆಸರು ಕೇಳ್ತಾನ. ಹೆಸರು ಹೇಳಿದ್ರ ಖಾಲಿ ಕಾಗದದ ಮ್ಯಾಲ ಬರೀತಾನ, ಅಕ್ಷರ ಅಳಿಸಿ ನಾವು ಒಳಗ ಬೀಳ್ತೀವಿ. ಹೆಸರು ಹೇಳಬ್ಯಾಡ. ಚೀಟ್ಯಾಗಿದ್ದು ಅವನ ಗೊಣಗಾಟ ಕೇಳೀನಿ, ಅಂವಾ ಇವತ್ತಿನ ತನಾ ಯಾರಿಗೂ ‘ಇಲ್ಲ’ ಅಂದಿಲ್ಲ. ತನ್ನ ಬಾಯಿಂದ ‘ಇಲ್ಲ’ ಅಂದ ದಿನ ಅವನ ಮಂತ್ರ ಮುರೀತದ. ಆಮ್ಯಾಲ ನಮ್ಮ ನಮ್ಮ ಹೆಸರು ಹಿಡಿದು ಕರದ್ರ ನಾವು ಹೊರಗ ಬರ್ತೀವಿ. ಹೊತ್ತು ಮುಳುಗೂದ್ರಾಗ ಕರೀಬೇಕು.’

‘ಎಷ್ಟು ಚೀಟಿ ಒಯ್ದ್ರ ಅಂವಾ ಇಲ್ಲ ಅಂತಾನ?’

‘ಎಲ್ಲಾ ಒಯ್ಯಿ,’ ಅಂದ ಬರಮಪ್ಪ.

ಎಲ್ಲಾ ಅಂದರೆ ಸುಮ್ಮನೆ ಆಯಿತೇ? ಊರೂರಿನ ಜನರ ಬೊಕ್ಕಣದಲ್ಲಿದ್ದ ಗವಿ ಚೀಟಿಗಳು ಬೇಕು, ಪ್ರತಿಯೊಂದರ ಒಳಗಿನ ಮನುಷ್ಯನ ಹೆಸರೂ ಬೇಕು. ಸಾತವ್ವ ಕೂಡಲಗಟ್ಟೆಗೆ ಬಂದು, ಸಂತೆಯ ತನ್ನ ಹಳೆಯ ಜಾಗದಲ್ಲಿ ನಿಂತು ಕೂಗಿ ಹೇಳಿದಳು. ‘ನಾ ಖರೆ ಅಂದಿದ್ದು ಖರೆ ಅಲ್ಲ. ನಾ ತಪ್ಪು ಮಾಡೀನಿ. ಆ ಚೀಟಿ ಒಳಗ ಇರೋರು ನಮ್ಮ ಮಂದಿ. ನನ್ನ ಕೈಯಾಗ ಕೊಡ್ರಿ, ತರ್ತೀನಿ.’

ಜನ ಕಲ್ಲು ಹೊಡೆಯಲಿಲ್ಲ, ಅದೇ ದೊಡ್ಡದು. ಒಬ್ಬ ಅಂದ, ‘ಆಗ ನಂಬಿ ಕೆಟ್ಟಿವಿ, ಈಗ ಮತ್ತ ನಂಬಿ ಕೆಡೂಣು? ಕೊಟ್ಟವ ಕೋಡಂಗಿ, ಇಸ್ಕೊಂಡವ ಈರಭದ್ರ.’ ಎಲ್ಲರೂ ಹೌದೌದು ಅಂದರು.

ಆಗ ಸಾತವ್ವ ಒಂದು ಕೆಲಸ ಮಾಡಿದಳು. ಆ ಸೀಮೆಯಲ್ಲಿ ಸಾವಕಾರರ ಮನೆಗಳನ್ನು ಬಿಟ್ಟು ಯಾರೂ ಮಾಡದ ಕೆಲಸ. ಹಾಳೆ ತಂದು ತುಂಡು ಮಾಡಿ, ಪ್ರತಿಯೊಂದರ ಮೇಲೂ ಬರೆದಳು: ‘ಈ ಚೀಟಿ ತಂದವರಿಗೆ, ಕೇಳಿದ ಕೂಡಲೇ, ಅವರ ಮನುಷ್ಯರನ್ನು ಕೊಡುತ್ತೇನೆ. ಸಾತವ್ವ.’ ಚಿತ್ರ ಬರೆಯಲು ಅವಳಿಗೆ ಬರುತ್ತಿರಲಿಲ್ಲ. ಕುಂಕುಮದಲ್ಲಿ ಹೆಬ್ಬೆಟ್ಟು ಅದ್ದಿ ಒತ್ತಿದಳು. ಅವಳ ತಿಜೋರಿಯಲ್ಲಿ ಬಂಗಾರವಿರಲಿಲ್ಲ, ತಿಜೋರಿಯೇ ಇರಲಿಲ್ಲ. ಇದ್ದದ್ದು ಅವಳ ಮಾತು, ಅದೂ ಒಮ್ಮೆ ಸುಳ್ಳಾದದ್ದು.

ಬಹಳ ಹೊತ್ತು ಯಾರೂ ಮುಂದೆ ಬರಲಿಲ್ಲ. ಕೊನೆಗೆ ಸುಣ್ಣ ಮಾರುವ ಮುದುಕಿ ಹುಲಿಗೆವ್ವ ಎದ್ದು ಬಂದಳು. ಅವಳ ಬಾಯಿ ಅಂದರೆ ಊರಿಗೇ ಹೆದರಿಕೆ. ಗಂಡನಿಲ್ಲ, ಮಕ್ಕಳಿಲ್ಲ, ಇದ್ದವನೊಬ್ಬನೇ ತಮ್ಮ ದುರಗಪ್ಪ. ಅವನೂ ಗವಿಗೆ ಹೋಗಿ ಚೀಟಿಯಾಗಿದ್ದ. ಅದು ಹೇಗೋ ತಿರುಗಿ ಅವಳ ಕೈಗೇ ಬಂದಿತ್ತು. ಅವಳು ಅದನ್ನು ಖರ್ಚು ಮಾಡದೆ ಸುಣ್ಣದ ಬುಟ್ಟಿಯಲ್ಲಿಟ್ಟುಕೊಂಡು, ದಿನಕ್ಕೆ ಹತ್ತು ಸಲ ತೆಗೆದು ಕೆನ್ನೆ ಸವರುತ್ತಿದ್ದಳು.

‘ನಿನ್ನಂಥಾ ಸುಳ್ಳಿ ಈ ಸೀಮ್ಯಾಗಿಲ್ಲ,’ ಅಂದಳು ಹುಲಿಗೆವ್ವ. ‘ತಗೋಬೇ. ಬರದು ಕೊಡು.’

ಸಾತವ್ವ ಚೀಟಿ ನೋಡಿದಳು. ಅಕ್ಕನ ಸುಣ್ಣದ ಕೈ ಸವರಿ ಸವರಿ ದುರಗಪ್ಪನ ಮೂಗು ಹೋಗಿತ್ತು, ಬಾಯಿ ಹೋಗಿತ್ತು. ಕಣ್ಣಿನ ಜಾಗದಲ್ಲಿ ಸಣ್ಣ ನೆರಳು ಮಾತ್ರ ಉಳಿದಿತ್ತು. ಇದು ಉಳಿಯುವುದು ಕಷ್ಟ ಅಂತ ಹೇಳಲಿಲ್ಲ. ಸುಮ್ಮನೆ ಹೆಬ್ಬೆಟ್ಟಿನ ಚೀಟಿ ಬರೆದುಕೊಟ್ಟಳು.

ಹುಲಿಗೆವ್ವನಂಥವಳೇ ಕೊಟ್ಟಳೆಂದ ಮೇಲೆ ಉಳಿದವರೂ ಬಂದರು. ‘ಇಂವಾ ನಮ್ಮ ಸೋದರಮಾವ ಸಂಗಪ್ಪ.’ ‘ಈಕಿ ನಮ್ಮೋಣಿ ಕುಂಬಾರ ಯಂಕವ್ವ.’ ಬಾಯಿ ಸವೆದು ಗುರುತು ಸಿಗದ ಮುಖಗಳನ್ನು ಊರಿಂದೂರಿಗೆ ತೋರಿಸಿ ಹೆಸರು ಕೇಳಿ ಬಂದರು. ಹನ್ನೊಂದು ದಿನದಲ್ಲಿ ಬರಮಪ್ಪನದೂ ಸೇರಿ ಮುನ್ನೂರ ಹನ್ನೆರಡು ಚೀಟಿ ಆದವು. ಸಾತವ್ವ ಎಲ್ಲರ ಹೆಸರನ್ನೂ ಬಾಯಿಪಾಠ ಮಾಡಿಕೊಂಡು, ಚೀಟಿಗಳ ಗಂಟು ಹೊತ್ತು ಬೆಕ್ಕಿನ ಗುಡ್ಡ ಏರಿದಳು. ಊರ ಜನ ಗುಡ್ಡದ ಕೆಳಗೆ ನಿಂತರು.

ಗುಡ್ಡದ ಮೇಲೆ ಕರುವಿನಷ್ಟು ದೊಡ್ಡ ಕಾಡುಬೆಕ್ಕುಗಳು ಹಲ್ಲು ಕಿರಿದು ಬಂದವು. ಮಂತ್ರದ ಬೆಕ್ಕಾದರೇನು, ಬೆಕ್ಕು ಬೆಕ್ಕೇ ಅಲ್ಲವೇ? ಗುರುಸಿದ್ದ ಶೆಟ್ಟಿಯ ಒಣಮೀನಿನ ಬುಟ್ಟಿ ಬೋರಲು ಹಾಕಿದಳು. ಬೆಕ್ಕುಗಳು ಒಂದರ ಮೇಲೊಂದು ಬಿದ್ದವು. ಇವಳು ಗವಿಯ ಕಿಟಕಿ ಮುಟ್ಟಿದಳು.

ಕಿಟಕಿಯ ಹಿಂದೆ ಗವಿ ಸಾವಕಾರ ನಗುತ್ತ ಕೂತಿದ್ದ. ಒಳ್ಳೆ ಮಾವನಂಥ ಮುಖ. ‘ಬಾ ತಂಗಿ, ದಣಿದಿ. ಬೆಲ್ಲ ತಗೋ, ನೀರು ಕುಡಿ. ನಿನ್ನ ಹೆಸರೇನವ್ವ?’

ಸಾತವ್ವ ಅಂದಳು, ‘ತಂದಾಕಿ.’

‘ಅದಲ್ಲ. ಅಪ್ಪ ಅವ್ವ ಇಟ್ಟ ಹೆಸರು?’

‘ಚೀಟ್ಯಾಗ ‘ತಂದವರಿಗೆ’ ಅಂತ ಬರದೀರಿ. ನಾ ತಂದಾಕಿ.’

ಸಾವಕಾರನ ನಗು ಸ್ವಲ್ಪ ತೆಳುವಾಯಿತು. ಮೂರನೆಯ ಸಲ ಬಹಳ ಅಕ್ಕರೆಯಿಂದ ಕೇಳಿದ, ‘ನಮ್ಮ ಮನೀ ಹೆಣ್ಣುಮಗಳಿದ್ದಂಗ ಇದ್ದಿ. ಹೆಸರು ಹೇಳಿದ್ರ ಒಂದರ ಬದ್ಲಿ ಎರಡು ಕೊಡ್ತೀನಿ. ಏನಂತ ಕರೀಲಿ?’

‘ಏನೂ ಕರೀಬ್ಯಾಡ್ರಿ. ಒಂದಕ್ಕ ಒಂದು ಕೊಡ್ರಿ,’ ಅಂತ ಸಾತವ್ವ ಗಂಟು ಬಿಚ್ಚಿದಳು.

ಬರೆದುಕೊಟ್ಟ ಮಾತು ಮಾಂತ್ರಿಕನನ್ನೂ ಬಿಡುವುದಿಲ್ಲ. ಕೊಡಲೇಬೇಕಾಯಿತು. ಒಂದೊಂದೇ ವರಹವನ್ನು ಒರೆಸಿ, ತೂಗಿ, ಮತ್ತೆ ಒರೆಸಿ ಕೊಟ್ಟ. ಹೊತ್ತು ಏರಿತು. ಬಂಗಾರ ಮುಗಿಯುತ್ತ ಬಂದಾಗ ವರಹದ ಬೆಲೆಗೆ ತಾಮ್ರದ ಕಾಸು ತೆಗೆದು ಎಣಿಸತೊಡಗಿದ. ಅದರಿಂದಲೂ ಇವಳು ಸೋಲದಿದ್ದಾಗ ಕಾಸುಗಳನ್ನು ಬಾಣಲೆಯಲ್ಲಿ ಕೆಂಪಗೆ ಕಾಯಿಸಿ ಕಿಟಕಿಯಲ್ಲಿ ಸುರಿದ. ಸಾತವ್ವ ಸೆರಗನ್ನು ಆ ಕುಡಿಯದ ನೀರಿನಲ್ಲೇ ತೋಯಿಸಿ ಒಡ್ಡಿದಳು. ಕಾಸು ಚುಂಯ್ ಅಂದವು. ಅವಳ ಅಂಗೈ ಬೊಬ್ಬೆ ಎದ್ದಿತು. ‘ಮುಂದಿನದು ಕೊಡ್ರಿ’ ಅಂದಳು.

ಹೊತ್ತು ಇಳಿಯತೊಡಗಿದಾಗ ಇನ್ನೂ ಇಪ್ಪತ್ತು ಚೀಟಿ ಉಳಿದಿದ್ದವು. ಸಾವಕಾರ ಕೊಪ್ಪರಿಗೆಗೆ ಕೈ ಹಾಕಿದ. ಈ ಸಲ ಖಣಖಣ ಅನ್ನಲಿಲ್ಲ, ಖರಖರ ಅಂದಿತು. ಹೊರಗೆ ಬಂದದ್ದು ಒಂದು ಮುಷ್ಟಿ ಲಾಳದ ಮೊಳೆ.

‘ಇದೂ ಒಂದ್ ನಾಣ್ಯನ,’ ಅಂದ ಅವನು, ಬೆವರು ಒರೆಸಿಕೊಳ್ಳುತ್ತ.

‘ಇದು ಕುದುರಿ ಕಾಲಿಗೆ ಹೊಡಿಯೋದು. ವರಹ ಐತೋ ಇಲ್ಲೋ?’

‘ನಾಳಿಗೆ ಬಾ.’

‘ಕೇಳಿದ ಕೂಡಲೇ ಅಂತ ಬರದೀರಿ. ಐತೋ ಇಲ್ಲೋ?’

ಅವನು ಮೇಲೆ ನೋಡಿದ, ಕೆಳಗೆ ನೋಡಿದ, ಕೊಪ್ಪರಿಗೆಯ ತಳ ಕೆರೆದ. ಬಾಯಿ ಬಿಗಿಹಿಡಿದ. ಆದರೆ ತನ್ನದೇ ಸಹಿ ಅವನ ಗಂಟಲು ಹಿಂಡುತ್ತಿತ್ತು. ಕೊನೆಗೆ, ಸೊಳ್ಳೆಯ ದನಿಯಲ್ಲಿ, ‘ಇಲ್ಲ’ ಅಂದ.

ಅಂದದ್ದೇ ತಡ, ಅವನ ಮೈ ತೆಳ್ಳಗಾಗುತ್ತ ತೆಳ್ಳಗಾಗುತ್ತ ಒಂದು ಖಾಲಿ ಹಾಳೆಯಾಯಿತು. ಗಾಳಿ ಬಂದು ಹಾರಿಸಿಕೊಂಡು ಹೋಯಿತು. ಬೆಕ್ಕುಗಳು ಬರೀ ಬೆಕ್ಕುಗಳಾಗಿ ಮಿಯಾಂವ್ ಅಂದವು.

ಸಾತವ್ವ ಕಿಟಕಿಯೊಳಗಿದ್ದ ಚೀಟಿಗಳನ್ನೂ ಬಾಚಿಕೊಂಡು, ಎಲ್ಲವನ್ನೂ ಬಂಡೆಯ ಮೇಲೆ ಹಾಸಿ ಹೆಸರು ಕೂಗತೊಡಗಿದಳು. ‘ಸಿಂಪಿಗರ ಮಲಕಪ್ಪಾ!’ ಮಲಕಪ್ಪ ಮೈಮುರಿಯುತ್ತ ಎದ್ದು ನಿಂತ. ‘ಸಂಗಪ್ಪಾ! ಯಂಕವ್ವಾ!’ ಒಬ್ಬೊಬ್ಬರೇ ಎದ್ದರು. ಗುಡ್ಡದ ತುಂಬ ಜನ, ಅಳು, ನಗು. ‘ದುರಗಪ್ಪಾ!’ ಅಂತ ಕೂಗಿದಳು. ಆ ಕಾಗದ ಒಮ್ಮೆ ಅಲುಗಾಡಿತು. ಮತ್ತೆ ಕೂಗಿದಳು. ಮೂರನೆಯ ಸಲ ಗಂಟಲು ಹರಿಯುವ ಹಾಗೆ ಕೂಗಿದಳು. ಕಾಗದ ಸುಮ್ಮನಾಯಿತು. ಅದನ್ನು ಮಡಚಿ ಸೆರಗಿಗೆ ಕಟ್ಟಿಕೊಂಡು ಮುಂದಿನ ಹೆಸರು ಕೂಗಿದಳು.

ಕೊನೆಗೆ ಉಳಿದದ್ದು ಒಂದೇ, ಗಂಜಿ ಹಚ್ಚಿದ ಚೀಟಿ. ಹೊತ್ತು ಬೆಟ್ಟದ ಅಂಚಿನಲ್ಲಿತ್ತು. ಸಾತವ್ವನ ನಾಲಿಗೆ ಹೊರಳಲೇ ಇಲ್ಲ. ಗಂಡನ ಹೆಸರು ಹೇಳುವುದು ಹೇಗೆ? ಮದುವೆಯಾಗಿ ಒಂಬತ್ತು ವರ್ಷ, ಒಂದು ದಿನವೂ ಹೇಳಿದವಳಲ್ಲ. ಮಾಂತ್ರಿಕನ ಮುಂದೆ ಹೆದರದವಳು ಇಲ್ಲಿ ನಾಚಿ ಬೆವೆತಳು! ‘ಒಡಪು ಹಾಕಿ ಹೇಳ ಹುಚ್ಚಿ!’ ಅಂತ ಯಂಕವ್ವ ಕೂಗಿದಳು. ಹೆಂಗಸರು ಶುಭಕಾರ್ಯದಲ್ಲಿ ಗಂಡನ ಹೆಸರು ಹೇಳುವುದು ಒಡಪಿನಲ್ಲೇ ಅಲ್ಲವೇ? ಸಾತವ್ವ ಕಣ್ಣು ಮುಚ್ಚಿ ಹೇಳಿದಳು:

‘ಹೊಳಿಯಾಚೆ ಅರ್ಧ, ಗುಡ್ಡದಾಚೆ ಅರ್ಧ,
ಖರೆ ಅಂದಿದ್ದು ನನ್ನ ತಪ್ಪ;
ಗಂಜಿ ಹಚ್ಚಿ ಜೋಡಿಸಿ ತಂದೀನಿ,
ಎದ್ದು ಮನೀಗೆ ಬರ್ರಿ ಬರಮಪ್ಪ!’

ಬರಮಪ್ಪ ಎದ್ದು ಬಂದ. ಹಣೆಯಿಂದ ಗದ್ದದ ತನಕ ನಡುವೆ ಒಂದು ಸಣ್ಣ ಗೀರು, ಮೀಸೆಯಲ್ಲಿ ಒಣಗಿದ ಗಂಜಿ. ‘ಹೆಸರು ಹೇಳೇಬಿಟ್ಟೆಲ್ಲ’ ಅಂತ ನಕ್ಕ. ಸಾತವ್ವ ಅವನ ಎದೆಗೆ ಮುಖ ಒತ್ತಿ ಅತ್ತುಬಿಟ್ಟಳು.

ಬಂದ ವರಹಗಳನ್ನು ಜನರಿಗೆ ಹಂಚಿದ್ದಾಯಿತು. ಇಷ್ಟೆಲ್ಲ ಆದ ಮೇಲೆ ರಾಜನಿಗೆ ಎಚ್ಚರವಾಯಿತು, ರಾಜರಿಗೆ ಯಾವಾಗಲೂ ಆಮೇಲೇ ಎಚ್ಚರವಾಗುವುದು. ಮರುದಿನವೇ ಡಂಗುರ ಸಾರಿಸಿದ: ಇನ್ನು ಮುಂದೆ ಯಾವ ಮನೆಯವರೂ ಚೀಟಿ ಮಾಡುವಂತಿಲ್ಲ, ರಾಜನ ಮುಖವಿರುವ ಕಾಗದವೊಂದೇ ರೊಕ್ಕ. ಹಳೆಯ ಮನೆಗಳು ತಮ್ಮ ಚೀಟಿಗೆಲ್ಲ ಬಂಗಾರ ಕೊಟ್ಟು ಬಾಗಿಲು ಹಾಕಲಿ, ಉಳಿದ ಯಾರ ಕೈಚೀಟಿಗೂ ಬೆಲೆಯಿಲ್ಲ. ಒಳ್ಳೆಯದೇ ಮಾಡಿದ ಅನ್ನಿ. ರಾಜನ ಕಾಗದ ಎಲ್ಲಿಗೆ ಒಯ್ದರೂ ಒಂದೇ ದಪ್ಪ, ಯಾವ ಶೆಟ್ಟಿಯೂ ಅರ್ಧ ಅನ್ನುವಂತಿಲ್ಲ. ಆದರೆ ಹಂಸಗಳು ಕೊನೆಯ ಸಲ ಮನೆಗೆ ಬಂದು, ಮೈ ತುಂಬಿಕೊಂಡು, ಕಾಗದದಿಂದೆದ್ದು ಹೊಳೆಯ ಮೇಲೆ ಹಾರಿಹೋದ ದಿನ ಕೂಡಲಗಟ್ಟೆಯ ಜನ ಮಾಳಿಗೆ ಹತ್ತಿ ನೋಡಿದರಂತೆ. ಆಲದ ಮರದಡಿ ಗುಮಾಸ್ತರು ಕೂತು ಜಗಳವಾಡುವ ಸಡಗರ ಆಮೇಲೆ ಇರಲಿಲ್ಲ.

ಡಂಗುರ ಹೊಡೆದ ಸಂಜೆ ಹುಲಿಗೆವ್ವ ಸಾತವ್ವನ ಬಾಗಿಲಿಗೆ ಬಂದಳು. ಕೈಯಲ್ಲಿ ಹೆಬ್ಬೆಟ್ಟಿನ ಚೀಟಿ. ಉಳಿದ ಮುನ್ನೂರ ಹತ್ತು ಮಂದಿ ತಮ್ಮವರನ್ನು ಕರೆದುಕೊಂಡು ಚೀಟಿ ತಿರುಗಿ ಕೊಟ್ಟಾಗಿತ್ತು. ಅವಳದೊಂದೇ ಬಾಕಿ.

ಡಂಗುರದವನು ಅಲ್ಲೇ ನಿಂತಿದ್ದ. ‘ಅಜ್ಜೀ, ಆ ಚೀಟಿ ಇನ್ನ ನಡಿಯೂದಿಲ್ಲ. ರಾಜರ ಅಪ್ಪಣೆ ಆಗೇತಿ. ಮತ್ತ ಸವೆದ ಚೀಟಿಗೆ ಯಾವ ಮನೆಯವರೂ ಪೂರಾ ಕೊಡ್ತಿರ್ಲಿಲ್ಲ’ ಅಂದ.

‘ನಿನ್ನ ಕೇಳಿಲ್ಲೋ ತಮಟಿ,’ ಅಂದಳು ಹುಲಿಗೆವ್ವ. ಸಾತವ್ವನ ಕಡೆ ತಿರುಗಿದಳು. ದನಿ ಇಳಿದಿತ್ತು. ‘ಸವರಿ ಸವರಿ ನಾನ ಅಳಿಸಿದೆ. ಗೊತ್ತೈತಿ ನನಗ. ಆದ್ರೂ ತಂದೀನಿ. ಬರದು ಕೊಟ್ಟಿದ್ದಿ ನೀನು.’

ಸಾತವ್ವ ಸೆರಗಿನ ಗಂಟು ಬಿಚ್ಚಿ, ಮುಖವಿಲ್ಲದ ಆ ಕಾಗದವನ್ನು ಅವಳ ಕೈಗಿಟ್ಟಳು. ಇಬ್ಬರೂ ಅತ್ತರು.

ಆಮೇಲೆ ಸಾತವ್ವ ಕಣ್ಣೊರೆಸಿಕೊಂಡು ಅಂದಳು, ‘ಯವ್ವಾ, ‘ಅವರ ಮನುಷ್ಯರನ್ನ ಕೊಡ್ತೀನಿ’ ಅಂತ ಬರದೀನಿ. ಖರೆ ಮಾಡ್ತೀನಿ. ಇವತ್ತಿಂದ ನಿನ್ನ ಮನುಷ್ಯಾಳು ನಾನು. ಒಳಗ ಬಾ.’

ಹುಲಿಗೆವ್ವ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ‘ನೀ ನನ್ನ ತಮ್ಮನ ಅರ್ಧಕ್ಕೂ ಬಾಳೂದಿಲ್ಲ.’

‘ಹೌದು ಯವ್ವಾ. ಉಳಿದ ಅರ್ಧಕ್ಕ ನಮ್ಮೆಜಮಾನ್ರು ಅದಾರ.’

ಬರಮಪ್ಪ ಒಳಗಿನಿಂದ ಬಂದು ಸುಣ್ಣದ ಬುಟ್ಟಿ ಇಳಿಸಿಕೊಂಡ. ಹುಲಿಗೆವ್ವ ಚೀಟಿಯನ್ನು ಸಾತವ್ವನ ಬೊಬ್ಬೆ ಎದ್ದ ಅಂಗೈ ಮೇಲಿಟ್ಟು ಹೊಸ್ತಿಲು ದಾಟಿದಳು. ದಾಟಿದವಳೇ, ‘ಇದೇನಬೇ, ಒಲಿ ಹಿಂಗ್ಯಾ ಹಾಕೂದು?’ ಅಂತ ಬೈಯಲು ಸುರುಮಾಡಿದಳು.

ಇಪ್ಪತ್ತೆರಡು ವರ್ಷ ಬೈದಳಂತೆ. ಮೂವರೂ ಉಂಡುಟ್ಟು ಸುಖವಾಗಿದ್ದರು, ಕೊನೆಗೆ ಕೊಂಡ ಎಮ್ಮೆಯೂ ಹಾಲು ಕರೆಯಿತು. ಅವರು ಹಾಲು ಅಲ್ಲಿ ಕುಡಿದರು, ನಾವು ಅವರ ಮಾತು ಇಲ್ಲಿ ಆಡಿದೆವು.